ಬಾವಿಯ ನೀರು, ಹಂಡೆಯ ನೀರು

ಊರಬಾವಿಯಲ್ಲಿ ದೋಷ ಕಂಡಾಗ ಬಾವಿಯನ್ನು ಶುದ್ಧಿಗೊಳಿಸಿದ ಮಾತ್ರಕ್ಕೆ, ಮೊದಲೇ ಸೇದಿ ಮನೆಮನೆಯ ಹಂಡೆಗಳಲ್ಲಿ ತುಂಬಿಟ್ಟ ನೀರು ಶುದ್ಧವಾಗದು. ಆ ನೀರನ್ನು ಚೆಲ್ಲಬೇಕಾದರೆ ಅದು ಯಾರ ಮನೆಯಲ್ಲಿದೆಯೆಂಬುದನ್ನು ಮೊದಲು ಅರಿಯಬೇಕು.

ಲಿನಕ್ಸ್ ಮೊದಲಾದ ಯುನಿಕ್ಸ್ ಮನೆತನದ ವ್ಯವಸ್ಥೆಗಳಲ್ಲಿಯೂ ಪ್ರೋಗ್ರಾಮು ಅನ್ಯರು ರಚಿಸಿದ ಲೈಬ್ರರಿಗಳನ್ನು ಎರಡು ಬಗೆಯಲ್ಲಿ ಆಶ್ರಯಿಸುತ್ತದೆ: ನಿರ್ಮಾಣಕಾಲದಲ್ಲಿಯೇ ತನ್ನೊಡಲಿಗೆ ಸೇರಿಸಿಕೊಳ್ಳುವುದು ಸ್ಟ್ಯಾಟಿಕ್ ಕ್ರಮ, ಓಡುವ ಹೊತ್ತಿನಲ್ಲಿ ಎಲ್ಲರಿಗೂ ಸಮಾನವಾದ ಪ್ರತಿಯಿಂದ ಪಡೆಯುವುದು ಶೇರ್ಡ್ ಕ್ರಮ. 2002ರಲ್ಲಿ, ದತ್ತಾಂಶವನ್ನು ಸಂಕುಚಿತಗೊಳಿಸುವ ಜೀಲಿಬ್ ಎಂಬ ಲೈಬ್ರರಿಯಲ್ಲಿ, ಒಮ್ಮೆ ಬಿಟ್ಟುಕೊಟ್ಟ ಮೆಮೊರಿಯನ್ನೇ ಮರಳಿ ಬಿಟ್ಟುಕೊಡುವ ದೋಷವೊಂದು ಬಯಲಾದಾಗ, ಶೇರ್ಡ್ ಪ್ರತಿಯನ್ನು ನೆಚ್ಚಿದ್ದ ಪ್ರೋಗ್ರಾಮುಗಳಿಗೆ ಆ ಲೈಬ್ರರಿಯನ್ನು ಬದಲಿಸಿ ಮತ್ತೆ ಚಾಲನೆಗೊಳಿಸಿದರೆ ಸಾಕಿತ್ತು; ಒಡಲಲ್ಲಿ ಹೊತ್ತಿದ್ದವುಗಳನ್ನಾದರೋ ಒಂದೊಂದಾಗಿ ಹುಡುಕಿ ಪುನಃ ನಿರ್ಮಿಸಬೇಕಾಯಿತು.

ಪರಿಶೀಲನೆಯ ಉಪಾಯಗಳು ಸುಲಭಸಾಧ್ಯವಾಗಿಯೇ ಇವೆ. ಫೈಲ್ ಎಂಬ ಆಜ್ಞೆ ಪ್ರೋಗ್ರಾಮು ಯಾವ ಬಗೆಯದೆಂದು ಹೇಳುತ್ತದೆ. ರೀಡ್‌ಎಲ್ಫ್ ಅದು ನೇರವಾಗಿ ಬೇಡುವ ಲೈಬ್ರರಿಗಳನ್ನು ತೋರಿಸುತ್ತದೆ. ಎಲ್‌ಡಿಡಿ ಆ ಲೈಬ್ರರಿಗಳು ಬೇಡುವ ಇತರ ಲೈಬ್ರರಿಗಳವರೆಗೂ ಹೋಗಿ ಇಡೀ ವಂಶಾವಳಿಯನ್ನು ಬಿಡಿಸಿಡುತ್ತದೆ. ಈ ವಂಶಾವಳಿಯ ಮಹತ್ತ್ವವನ್ನು 2024ರ ಘಟನೆ ತೋರಿಸಿಕೊಟ್ಟಿತು. ದೂರದ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ತಗಲುತ್ತಿದ್ದುದನ್ನು ಗಮನಿಸಿ ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು, ಎಕ್ಸ್‌ಝಡ್ ಲೈಬ್ರರಿಯಲ್ಲಿ ಬಚ್ಚಿಟ್ಟಿದ್ದ ಕಳ್ಳದಾರಿಯನ್ನು ಪತ್ತೆಮಾಡಿದರು. ಓಪನ್‌ಎಸ್‌ಎಸ್‌ಎಚ್ ಎಂಬ ಲಾಗಿನ್ ಪ್ರೋಗ್ರಾಮು ತಾನಾಗಿ ಬೇಡದಿದ್ದ ಆ ಲೈಬ್ರರಿ, ಕೆಲವು ಲಿನಕ್ಸ್ ವಿತರಣೆಗಳಲ್ಲಿ ಸೇವೆಗಳನ್ನು ನಿರ್ವಹಿಸುವ ಸಿಸ್ಟಮ್‌ಡಿಯ ಲೈಬ್ರರಿಯ ಮೂಲಕ ಆ ಪ್ರೋಗ್ರಾಮಿನೊಳಕ್ಕೆ ಪ್ರವೇಶಿಸಿತ್ತು. ಆದರೆ ವಿಶ್ವಾಸಾರ್ಹವಲ್ಲದ ಪ್ರೋಗ್ರಾಮಿನ ಮೇಲೆ ಎಲ್‌ಡಿಡಿಯನ್ನು ಪ್ರಯೋಗಿಸಬಾರದು. ಪರೀಕ್ಷೆಗೆ ಒಳಗಾದ ಪ್ರೋಗ್ರಾಮೇ ಓಡಿಬಿಡುವ ಅಪಾಯವುಂಟು.

ಇಷ್ಟಾದರೂ, ಈ ಆಜ್ಞೆಗಳು ಕೊಡುವ ಪಟ್ಟಿಯಲ್ಲಿ ದೋಷವುಳ್ಳ ಲೈಬ್ರರಿಯ ಹೆಸರಿಲ್ಲವೆಂದು ನಿಶ್ಚಿಂತರಾಗುವುದು ತರವಲ್ಲ: ಹತ್ತು ಲೈಬ್ರರಿಗಳನ್ನು ಬಾವಿಯಿಂದ ಸೇದುವ ಪ್ರೋಗ್ರಾಮೇ ಹನ್ನೊಂದನೆಯದನ್ನು ತನ್ನ ಹಂಡೆಯಲ್ಲಿ ತುಂಬಿಟ್ಟಿರಬಹುದು, ಅದರ ವಿಷಯದಲ್ಲಿ ಎಲ್‌ಡಿಡಿ ಏನನ್ನೂ ಹೇಳದು. ಅದನ್ನು ನಿಸ್ಸಂದೇಹವಾಗಿ ಹೇಳಬಲ್ಲವರು ನಿರ್ಮಿಸಿದವರೇ. ಆದಕಾರಣ ಸಾರ್ವಜನಿಕರ ಹಣದಿಂದ ಸಾಫ್ಟ್‌ವೇರ್ ಕೊಳ್ಳುವ ಪ್ರತಿಯೊಂದು ಸಂಸ್ಥೆಯೂ ಅದರೊಳಗಿನ ಘಟಕಗಳ ಪಟ್ಟಿಯನ್ನು ಮಾರುವವರಿಂದ ಕೇಳಿ ಪಡೆಯತಕ್ಕದ್ದು. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ ಇಂತಹ ಪಟ್ಟಿಗಳನ್ನು ಕುರಿತು 2024ರಲ್ಲಿ ಮಾರ್ಗಸೂಚಿಯನ್ನೇ ಪ್ರಕಟಿಸಿದೆ; ಪಟ್ಟಿ ಕೊಡುವುದು ಖರೀದಿಯ ಕರಾರಿನಲ್ಲಿ ಒಂದು ಷರತ್ತಾಗಿ ಸೇರಿದಂದು ಮಾತ್ರ, ಕೆಟ್ಟ ಸುದ್ದಿ ಬಂದ ರಾತ್ರಿ ನಮ್ಮ ಯಂತ್ರಪಾಲಕರು ಯಾವ ಹಂಡೆಯನ್ನು ಚೆಲ್ಲಬೇಕೆಂದು ತಿಳಿಯದೆ ಮನೆಮನೆಯ ಬಾಗಿಲು ತಟ್ಟುವುದು ತಪ್ಪೀತು.