ಒಂದು ಹಳದಿ ದೀಪಕ್ಕ 46,000 ರೂಪಾಯಿ?

ಮೊದಲ ಹೇಳಿಬಿಡ್ತೀನಿ, ಇವತ್ತ ಚಟ್ನಿಪುಡಿ ಇಲ್ಲ, ಹಪ್ಪಳ-ಸಂಡಿಗಿ ಇಲ್ಲ. ಇವತ್ತ ಕಾರು. "ಅಯ್ಯ, ನಮಗ್ಯಾಕ ಕಾರಿನ ಉಸಾಬರಿ" ಅಂತ ಮುಚ್ಚಿಡಬ್ಯಾಡ್ರಿ. ಮನಿ ರೊಕ್ಕ ಎಲ್ಲೆ ಸೋರ್ತದೋ ಅದೆಲ್ಲಾ ನಮ್ಮ ಉಸಾಬರಿನ.

ನಮ್ಮ ಗಾಡಿ 2014ರದು, ಪೆಟ್ರೋಲಿಂದು. ದೀಪಾವಳಿ ನಾಲ್ಕು ದಿನ ಇರಬೇಕಾದ್ರ ಮೀಟರಿನ್ಯಾಗ ಇಂಜಿನ್ ಚಿತ್ರದ್ದು ಹಳದಿ ದೀಪ ಹತ್ತಿತು. ಓಡೂದರಾಗ ಏನೂ ಫರಕಿಲ್ಲ. ಹುಬ್ಬಳ್ಳಿ ಗ್ಯಾರೇಜಿಗೆ ಒಯ್ದ್ವಿ. ಅಲ್ಲಿ ಹುಡುಗ ಒಂದು ಮಶೀನ್ ಹಚ್ಚಿದಾ, ಎರಡು ನಿಮಿಷಕ್ಕ ತಗದಾ. "ಪಿ0420 ಬಂದದ ಸರ್, ಕ್ಯಾಟಲಿಟಿಕ್ ಕನ್ವರ್ಟರ್ ಹೋಗ್ಯದ. ಹೊಸಾದು ಹಾಕಬೇಕು, 46,000 ಆಗ್ತದ" ಅಂದಾ. "ಸರ್" ಅಂದದ್ದು ನಮ್ಮನಿಯವರಿಗೆ. ಗಾಡಿ ಓಡಿಸಿಕೊಂಡು ಹೋದಾಕಿ ನಾನು, ದಿನಾ ಸಾಲಿಗೆ ಹುಡುಗರನ್ನ ಬಿಡಾಕಿ ನಾನು, ಅವರು ಸುಮ್ನ ಜೋಡಿ ಬಂದಿದ್ರು. ನಾನು "ಯಾಕ ಹೋತು?" ಅಂತ ಕೇಳಿದ್ರ ಅಂವಾ ಉತ್ತರಾನೂ ಅವರ ಮಾರಿ ನೋಡೇ ಹೇಳಿದಾ. "ಹಳೇ ಗಾಡಿ ಅಲ್ರೀ ಸರ್."

ಮನ್ಯಾಗ ಇದ್ದದ್ದು ಅಷ್ಟ ರೊಕ್ಕ. ಅದೂ ಅತ್ತೀ ಕಣ್ಣಿನ ಪೊರಿ ಆಪರೇಶನ್ನಿಗೆ ಅಂತ ತಗದಿಟ್ಟದ್ದು. ನಮ್ಮನಿಯವರು ಕೊಡಲಿಕ್ಕೆ ತಯಾರಾಗಿದ್ರು. ಅತ್ತಿ ಸೈತ "ನಂದೇನದ, ಬ್ಯಾಸಗಿಗೆ ಮಾಡಿಸಿದ್ರಾತು" ಅಂದ್ರು. ನನಗ ಸಿಟ್ಟು ಬಂದದ್ದು ಅಲ್ಲೆ.

ನೀವ ಹೇಳ್ರಿ, ಜ್ವರಾ ಬಂತು ಅಂತ ಹೋದ್ರ ಡಾಕ್ಟ್ರು ಥರ್ಮಾಮೀಟರ್ ನೋಡಿ, "102 ಅದ, ಕಿಡ್ನಿ ಬದಲಿ ಮಾಡೋಣು" ಅಂದ್ರ ಸುಮ್ನಿರ್ತೀರೇನು? ಕುಕ್ಕರ್ ಸೀಟಿ ಹೊಡೀಲಿಲ್ಲಂದ್ರ ಕುಕ್ಕರನ್ನ ಒಗೀತೀರೋ, ಮೊದಲ ರಬ್ಬರ್ ನೋಡ್ತೀರೋ? ಆ ಕೋಡಿನ ಅರ್ಥ "ಕನ್ವರ್ಟರ್ ಕೆಟ್ಟದ" ಅಂತ ಅಲ್ಲವೇ ಅಲ್ಲ. "ಕನ್ವರ್ಟರಿನ ಕೆಲಸ ಇರಬೇಕಾದ ಮಟ್ಟಕ್ಕಿಂತ ಕಡಿಮಿ ಕಂಡದ" ಅಂತ, ಅಷ್ಟ. ಕಂಡದ. ಕಂಡಾಂವ ಯಾರು? ಕನ್ವರ್ಟರಿನ ಹಿಂದ ಕೂತ ಒಂದು ಆಕ್ಸಿಜನ್ ಸೆನ್ಸರು. ಅಂವನ ಕಣ್ಣಿಗೇ ಪೊರಿ ಬಂದಿದ್ರ?

ಈ ಕನ್ವರ್ಟರ್ ಅಂದ್ರ ಏನು ಅನ್ನೂದು ತಟಗ ತಿಳಕೋರಿ, ಭಾಳ ಇಲ್ಲ. ಇಂಜಿನ್ನಿನಿಂದ ಹೊಗಿ ಹೋಗೋ ಪೈಪಿನ್ಯಾಗ ಜೇನುಗೂಡಿನಂಥಾ ಪಿಂಗಾಣಿ ಗಟ್ಟಿ ಇರ್ತದ. ಅದರ ಮ್ಯಾಲೆ ಪ್ಲಾಟಿನಂ, ಪೆಲೇಡಿಯಂ, ರೋಡಿಯಂ ಅನ್ನೋ ತುಟ್ಟಿ ಲೋಹದ್ದು ತೆಳ್ಳಗ ಲೇಪ. ಕಾರ್ಬನ್ ಮೊನಾಕ್ಸೈಡು, ಸುಡದ ಪೆಟ್ರೋಲು, ನೈಟ್ರೋಜನ್ ಆಕ್ಸೈಡು, ಈ ಮೂರು ವಿಷಾನ ಅದು ಇಂಗಾಲದ ಡೈಆಕ್ಸೈಡು, ನೀರು, ನೈಟ್ರೋಜನ್ ಮಾಡಿ ಕಳಸ್ತದ. ರೊಟ್ಟಿ ಹಂಚಿನ ಗತೆನ, ಕಾಯಲಿಲ್ಲಂದ್ರ ಕೆಲಸ ಆಗೂದಿಲ್ಲ. ನಮ್ಮ ದೇಶದಾಗ 1995ರಾಗ ನಾಲ್ಕು ಮಹಾನಗರದಾಗ ಹೊಸಾ ಪೆಟ್ರೋಲ್ ಕಾರಿಗೆ ಇದನ್ನ ಕಡ್ಡಾಯ ಮಾಡಿದ್ರು. ಸೀಸದ ಪೆಟ್ರೋಲು ಹಾಕಿದ್ರ ಅದರ ಲೇಪ ಸತ್ತು ಹೋಗ್ತದ ಅಂತ ಸೀಸ ಇಲ್ಲದ ಪೆಟ್ರೋಲೂ ಆವಾಗ ಬಂತು.

ಈಗ ಮುಖ್ಯ ಮಾತು. ಕನ್ವರ್ಟರಿನ ಮುಂದ ಒಂದು ಸೆನ್ಸರು, ಹಿಂದ ಒಂದು. ಮುಂದಿಂದು ನಮ್ಮಂಥಾ ಗಾಡಿಯೊಳಗ ಸುಮಾರು 0.1 ವೋಲ್ಟಿನಿಂದ 0.9ರ ತನಕ ಮ್ಯಾಲೆ ಕೆಳಗ ಕುಣೀತಿರಬೇಕು, ಅದು ಅದರ ಧರ್ಮ. ಕನ್ವರ್ಟರ್ ನಮ್ಮ ಹಗೇವು ಇದ್ದಂಗ. ಆಕ್ಸಿಜನ್ ಜಾಸ್ತಿ ಬಂದಾಗ ತುಂಬಿ ಇಟಗೋತದ, ಕಡಿಮಿ ಆದಾಗ ತಗದು ಕೊಡ್ತದ. ಹಿಂಗಾಗಿ ಹಗೇವು ಗಟ್ಟಿ ಇದ್ರ ಹಿಂದಿನ ಸೆನ್ಸರಿಗೆ ಸುಗ್ಗಿನೂ ಗೊತ್ತಾಗೂದಿಲ್ಲ, ಬರಗಾಲಾನೂ ಗೊತ್ತಾಗೂದಿಲ್ಲ, ಗೆರಿ 0.6, 0.7ಕ್ಕ ಸುಮ್ನ ಮಲಗಿರ್ತದ. ಹಿಂದಿಂದೂ ಮುಂದಿನದರ ಗತೆ ಕುಣೀಲಿಕ್ಕೆ ಹತ್ತಿತು ಅಂದ್ರ ಕಂಪ್ಯೂಟರ್ ಕೋಡ್ ಒಗೀತದ. ಆದ್ರ ಪೈಪಿನ ಜಾಯಿಂಟ್ ಸೋರಿ ಹೊರಗಿನ ಗಾಳಿ ಒಳಗ ಎಳಕೊಂಡ್ರೂ ಹಿಂಗ ಆಗ್ತದ. ಸೆನ್ಸರು ಮುದುಕಾದ್ರೂ ಆಗಬಹುದು.

ನಾನು ಏನು ಮಾಡಿದೆ? ಆನ್‌ಲೈನಿನ್ಯಾಗ ಒಂದು ಬ್ಲೂಟೂತ್ ಸ್ಕ್ಯಾನರ್ ತರಿಸಿದೆ, 850 ರೂಪಾಯಿ. ಸ್ಟೇರಿಂಗ್ ಕೆಳಗ ಮೊಣಕಾಲಿನ ಹತ್ರ 16 ತೂತಿನ ಸಾಕೆಟ್ ಇರ್ತದ, ಅದಕ್ಕ ಚುಚ್ಚಿದೆ. ಫೋನಿನ್ಯಾಗ ಎಲ್ಲಾ ಕಾಣ್ತದ. ಕೋಡು ಅಳಿಸೂಕಿಂತ ಮೊದಲ ಬರಕೊಂಡೆ, ದೀಪ ಹತ್ತಿದಾಗ ಇಂಜಿನ್ ಎಷ್ಟು ಕಾದಿತ್ತು, ಎಷ್ಟು ವೇಗದಾಗಿತ್ತು ಅನ್ನೂದು ಅದರಾಗ ಇರ್ತದ, ಅಳಿಸಿದ್ರ ಅದೂ ಹೋಗ್ತದ. ಬ್ಯಾರೆ ಕೋಡ್ ಇಲ್ಲ, ಮಿಸ್‌ಫೈರ್ ಇಲ್ಲ. ಧಾರವಾಡ ಬೈಪಾಸಿಗೆ ಹೋಗಿ ಇಪ್ಪತ್ತು ನಿಮಿಷ ಓಡಿಸಿ ಛಲೋತಂಗ ಕಾಯಿಸಿ, ಗಾಡಿ ನಿಲ್ಲಿಸಿ 2500 ಆರ್‌ಪಿಎಂ ಹಿಡದು ಎರಡೂ ಗೆರಿ ನೋಡಿದೆ. ಹಿಂದಿಂದು ಪೂರ್ತಿ ಕುಣೀತಿರಲಿಲ್ಲ, ಆದ್ರ ನಡುವ ನಡುವ ಧಡಕ್ಕನ ಕೆಳಗ ಬೀಳ್ತಿತ್ತು.

ಆವಾಗ ನೆನಪಾತು, ತಿಂಗಳಿಂದ ಮುಂಜಾನೆ ಗಾಡಿ ಚಾಲೂ ಮಾಡಿದಾಗ ಟಿಕ್ ಟಿಕ್ ಅಂತಿತ್ತು, ಕಾದಮ್ಯಾಲೆ ನಿಂತು ಹೋಗ್ತಿತ್ತು. ನಮ್ಮ ಓಣಿ ತುದೀಗೆ ಇರೋ ಮುದುಕ ಮಿಸ್ತ್ರಿ ಹತ್ರ ಹೋದೆ. ಅಂವಾ ತಣ್ಣನ ಇಂಜಿನ್ ಚಾಲೂ ಮಾಡಿ, ಸೈಲೆನ್ಸರ್ ಬಾಯಿಗೆ ದಪ್ಪ ಬಟ್ಟಿ ಒಂದು ಗಳಿಗಿ ಹಿಡಿಸಿ, ಮುಂದಿನ ಜಾಯಿಂಟಿಗೆ ಸಾಬಾಣ ನೀರು ಸಿಂಪಡಿಸಿದಾ. ಬುಳುಬುಳು ಗುಳ್ಳಿ ಎದ್ವು. ಸುತ್ತಲೂ ಕರೀ ಮಸಿ ಬ್ಯಾರೆ. ಗ್ಯಾಸ್ಕೆಟ್, ಎರಡು ಬೋಲ್ಟು, ಕೂಲಿ ಸೇರಿ 1,100. ಹಿಂದಿನ ಗೆರಿ ಈಗ 0.7ಕ್ಕ ಮಲಗ್ಯದ. ದೀಪ ಮೂರು ತಿಂಗಳಾತು, ಬಂದಿಲ್ಲ.

ಹಂಗಂತ ಕನ್ವರ್ಟರ್ ಕೆಡೂದೇ ಇಲ್ಲ ಅಂತಲ್ಲ. ನಮ್ಮ ಮೌಶಿ ಮನೀದು ಖರೇನ ಸತ್ತಿತ್ತು. ಅವರ ಗಾಡಿ ಪ್ಲಗ್ ಕೆಟ್ಟು ಎರಡು ತಿಂಗಳು ಜಕ್ ಜಕ್ ಅಂತಿತ್ತು, ದೀಪ ಮಿಣುಕು ಮಿಣುಕು ಆಡ್ತಿತ್ತು. ದೀಪ ಮಿಣುಕಿದ್ರ ಅವತ್ತ ನಿಲ್ಲಿಸಬೇಕು, ಸುಡದ ಪೆಟ್ರೋಲು ಕನ್ವರ್ಟರಿನ್ಯಾಗ ಹೋಗಿ ಉರದು ಪಿಂಗಾಣಿನ ಕರಗಿಸಿ ಬಿಡ್ತದ. ಇಂಜಿನ್ ಎಣ್ಣಿ ಕುಡೀಲಿಕ್ಕೆ ಹತ್ತಿದ್ರೂ ಲೇಪ ಹಾಳಾಗ್ತದ. ಆ ರೋಗ ವಾಸಿ ಮಾಡದ ಹೊಸಾದು ಹಾಕಿದ್ರ ಹೊಸಾದೂ ಸಾಯ್ತದ. ಅದನ್ನ ಯಾಕ ಹೇಳೂದಿಲ್ಲ ಇವರು? ಅಗ್ಗದ್ದು ಹಾಕ್ತೀವಿ ಅಂತಾರಲ್ಲ, ಅದರಾಗ ಲೋಹಾ ಕಡಿಮಿ ಇದ್ರ ದೀಪ ತಿರುಗಿ ಬರ್ತದ.

ಮತ್ತ ಬದಲಿ ಮಾಡಿದ್ರ ಹಳೇದನ್ನ ಕೇಳಿ ಇಸಗೋರಿ! ಹಳೇ ಬಿಲ್ವಾರ ಮುರಿಸಿದಾಗ ಬಂಗಾರ ಪತ್ತಾರನ ಹತ್ರ ಬಿಟ್ಟು ಬರ್ತೀವೇನು? ಪ್ಲಾಟಿನಂ, ಪೆಲೇಡಿಯಂ, ರೋಡಿಯಂ ಇರೋ ಡಬ್ಬಿ ಅದು, ಗುಜರಿಯೊಳಗೂ ಬೆಲಿ ಅದ. ಮೌಶಿ ಕೇಳಲಿಲ್ಲ, ಅವರೂ ಕೊಡಲಿಲ್ಲ.

ಇನ್ನ ನಮ್ಮ ಗಂಡಸರ ಶಾಣ್ಯಾತನ. ಒಬ್ಬ ಭಾವ "ದೀಪಕ್ಕ ಕರೀ ಟೇಪ್ ಹಚ್ಚು" ಅಂದ್ರು. ಇನ್ನೊಬ್ಬರು "ಒಳಗಿಂದು ಒಡದು ತಗದು ಖಾಲಿ ಪೈಪ್ ಮಾಡಿಸು, ಸೆನ್ಸರಿಗೆ ಒಂದು ನಳಗಿ ಹಾಕಿ ದೂರ ಇಡು, ಕಂಪ್ಯೂಟರಿಗೆ ಗೊತ್ತಾಗೂದಿಲ್ಲ" ಅಂದ್ರು. ಕಂಪ್ಯೂಟರಿಗೆ ಗೊತ್ತಾಗೂದಿಲ್ಲ, ಸಾಲಿ ಗೇಟಿನ ಮುಂದ ಸೈಲೆನ್ಸರ್ ಎತ್ತರಕ್ಕ ಮೂಗಿರೋ ಕೂಸುಗಳಿಗೆ ಗೊತ್ತಾಗ್ತದ. ಕಾರ್ಬನ್ ಮೊನಾಕ್ಸೈಡಿಗೆ ವಾಸನಿನೂ ಇಲ್ಲ. ನಮ್ಮಂಥಾ ಗಾಡಿಗೆ ಪಿಯುಸಿಯೊಳಗ ಅದು ಶೇಕಡಾ 0.3 ದಾಟಬಾರದು. ಚೀಟಿ ಬರೇ ಡ್ಯಾಶ್‌ಬೋರ್ಡಿನ್ಯಾಗ ತುರುಕಬ್ಯಾಡ್ರಿ, ಅಂಕಿ ಓದ್ರಿ. ಎಷ್ಟೋ ಕಡೆ ನಳಗಿ ಹಚ್ಚದ ಚೀಟಿ ಕೊಡ್ತಾರ. ನೀವು ಇಳದು ನಿಂತು ನೋಡ್ರಿ.

ಹೋದ ವಾರ ಆ ಗ್ಯಾರೇಜಿನಿಂದ ಫೋನ್ ಬಂದಿತ್ತು. "ಮೇಡಂ, ಸರ್ ಅದಾರೇನ್ರಿ? ಕನ್ವರ್ಟರ್ ಆರ್ಡರ್ ಹಾಕೋಣೇನು?" ನಾನು ಹಿಂದಿನ ಸೆನ್ಸರಿನ ವೋಲ್ಟೇಜ್ ಎಷ್ಟು ನೋಡಿದ್ದ್ರಿ ಅಂತ ಕೇಳಿದೆ. "ಸರ್ ಬಂದಮ್ಯಾಲೆ ಮಾಡ್ತೀನ್ರಿ" ಅಂತ ಇಟ್ಟುಬಿಟ್ಟಾ.

ಅತ್ತೀ ಆಪರೇಶನ್ ಆತು. ಕರೀ ಚಷ್ಮಾ ಹಾಕ್ಕೊಂಡು ಪಡಸಾಲ್ಯಾಗ ಕೂತು, ಗ್ವಾಡಿ ಮ್ಯಾಲಿನ ಜಾಡು ಎಲ್ಲೆಲ್ಲದ ಅಂತ ನನಗ ತೋರಸ್ಲಿಕ್ಕೆ ಹತ್ಯಾರ. ಸ್ಕ್ಯಾನರ್ ನಮ್ಮ ಮನ್ಯಾಗದ, ಯಾರಿಗೆ ಬೇಕೋ ಒಯ್ರಿ. ವಾಪಸ್ ತಂದುಕೊಡ್ರಿ ಮತ್ತ, ದೀಪಾವಳಿಗೆ ನನ್ನ ಚಕ್ಕಲಿ ಒರಳು ಒಯ್ದವರು ಇನ್ನೂ ತಂದಿಲ್ಲ.