ದೋಷದ ಸಂದೇಶ ಓದುವಂತಿರಲಿ

ಡಿಸ್ಕ್ ಪೂರ್ತಿ ಕೆಡುವ ಮುನ್ನ ಎಷ್ಟೋ ಸಲ ಸುಳಿವು ಕೊಡುತ್ತದೆ. ಅದನ್ನು ಲಾಗ್‌ನಲ್ಲಿ ಬರೆದಿಡುವುದು ಡ್ರೈವರ್ ಎಂಬ ತಂತ್ರಾಂಶ. ಬರೆದದ್ದು ಓದುವವರಿಗೆ ಅರ್ಥವಾಗದಿದ್ದರೆ ಸುಳಿವು ಸಿಕ್ಕೂ ಪ್ರಯೋಜನವಿಲ್ಲ.

ಎಸ್‌ಎಸ್‌ಡಿಗಳನ್ನು ನಡೆಸುವ ಲಿನಕ್ಸ್‌ನ ಎನ್‌ವಿಎಂಇ ಡ್ರೈವರನ್ನೇ ನೋಡಿ. 2022ರ 5.18ನೇ ಆವೃತ್ತಿಯಲ್ಲಿ ದೋಷಗಳನ್ನು ಬಿಡಿಸಿ ಹೇಳುವ ಒಂದು ಆಯ್ಕೆ ಸೇರಿತು. ಅದಿಲ್ಲದಿದ್ದರೆ ಲಾಗ್‌ನಲ್ಲಿ 'ಐ/ಒ ಎರರ್' ಎಂಬ ಮಾತು, ಪಕ್ಕದಲ್ಲಿ 2 ಮತ್ತು 81 ಎಂಬ ಸಂಕೇತಗಳು ಮಾತ್ರ. ಆಯ್ಕೆ ಇದ್ದರೆ ಅಲ್ಲೇ 'ಅನ್‌ರಿಕವರ್ಡ್ ರೀಡ್ ಎರರ್' ಎಂದು ಬರುತ್ತದೆ. ಅಂದರೆ, ಆ ಜಾಗದ ಮಾಹಿತಿಯನ್ನು ಓದಲಾಗಲಿಲ್ಲ. ತಜ್ಞರಿಗೆ ಬೇಕಾದ ಸಂಕೇತವೂ ಉಳಿಯುತ್ತದೆ. ಇದಕ್ಕೆ ಬೇಕಾದ ಹೆಚ್ಚುವರಿ ಜಾಗ ಸುಮಾರು 4 ಕೆಬಿ.

ಆದರೂ ಇದು ತಾನಾಗಿ ಆನ್ ಇರುವುದಿಲ್ಲ. ಕರ್ನಲ್ ಸಿದ್ಧಪಡಿಸುವವರು ಆರಿಸಬೇಕು. ಪುಟ್ಟ ಸಾಧನಗಳಲ್ಲಿ ಜಾಗ ಉಳಿಸುವುದು ಸರಿಯೇ. ಆದರೆ ಕಚೇರಿ, ಕಾಲೇಜುಗಳ ಕಂಪ್ಯೂಟರುಗಳಲ್ಲಿ ಇದು ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ದೋಷ ಅರ್ಥವಾದ ದಿನವೇ ಬ್ಯಾಕಪ್ ತೆಗೆದರೆ ಅಂಕಪಟ್ಟಿ, ಪ್ರಾಜೆಕ್ಟ್‌ಗಳನ್ನು ಉಳಿಸಿಕೊಳ್ಳಬಹುದು.

ಗೆಳೆಯರೇ, ಲ್ಯಾಬಿನಲ್ಲಿ ನಾವು ಬರೆಯುವ ಪೈಥಾನ್ ಪ್ರೋಗ್ರಾಂಗಳಿಗೂ ಇದೇ ಮಾತು ಅನ್ವಯಿಸುತ್ತದೆ. 'ಎರರ್ 3' ಎಂದಷ್ಟೇ ತೋರಿಸಿ ಸುಮ್ಮನಾಗುವುದು ಬೇಡ. ಯಾವ ಫೈಲ್ ಸಿಗಲಿಲ್ಲ, ಮುಂದೇನು ಮಾಡಬೇಕು ಎಂದೂ ಒಂದು ಸಾಲು ಬರೆಯೋಣ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ