ತೆರೆಯದ ಮಿಂಚಂಚೆಯೂ ತಲುಪಿದ ಲೆಕ್ಕವೇ

ಶಾಲೆಯ ಕಚೇರಿಯಲ್ಲಾಗಲಿ ಮನೆಯಲ್ಲಾಗಲಿ ಹತ್ತು ಹದಿನೈದು ವರ್ಷ ಚೆನ್ನಾಗಿ ದುಡಿದ ಕಂಪ್ಯೂಟರು ಒಂದು ದಿನ ಇದ್ದಕ್ಕಿದ್ದಂತೆ ಮಿಂಚಂಚೆ ತರುವುದನ್ನು ನಿಲ್ಲಿಸುತ್ತದೆ. ಪಾಸ್‌ವರ್ಡ್ ಬದಲಾಗಿರುವುದಿಲ್ಲ, ಇಂಟರ್ನೆಟ್ ಸಂಪರ್ಕವೂ ಇರುತ್ತದೆ. ಆದರೂ ಪರದೆಯ ಮೇಲೆ ದೋಷಸೂಚನೆಯೊಂದು ಮತ್ತೆ ಮತ್ತೆ ಮೂಡುತ್ತದೆ. ಯಂತ್ರ ಹಳತಾಯಿತೆಂದು ಸುಮ್ಮನಾಗುವವರು ಹಲವರು. ವಿದ್ಯಾರ್ಥಿವೇತನದ ಅರ್ಜಿಯ ಗಡುವೂ ಪ್ರವೇಶದ ಸೂಚನೆಯೂ ಮಿಂಚಂಚೆಯಲ್ಲಿಯೇ ಬರುವ ಈ ಕಾಲದಲ್ಲಿ ಅಂಥ ಉಪೇಕ್ಷೆ ದುಬಾರಿಯಾಗಬಹುದು.

ಏಕೆಂದರೆ ಕಾನೂನು ನೋಡುವುದು ಮನೆಯ ಪರದೆಯನ್ನಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 13ನೆಯ ಕಲಮಿನಂತೆ, ಉಭಯರ ನಡುವೆ ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಪಡೆಯುವವರು ಗೊತ್ತುಪಡಿಸಿದ ಕಂಪ್ಯೂಟರ್ ವ್ಯವಸ್ಥೆಯನ್ನು ಪತ್ರ ಪ್ರವೇಶಿಸಿದ ಕ್ಷಣವೇ ಅದು ತಲುಪಿದಂತೆ. ಅರ್ಜಿಯಲ್ಲಿ ಮಿಂಚಂಚೆ ವಿಳಾಸ ಬರೆದುಕೊಟ್ಟ ಮೇಲೆ, ಪತ್ರ ಸರ್ವರ್‌ಗೆ ಬಂದಿದ್ದರೂ ಮನೆಯ ಯಂತ್ರ ಅದನ್ನು ತೋರಿಸಲಿಲ್ಲ ಎಂಬ ವಾದಕ್ಕೆ ಹೆಚ್ಚಿನ ಬಲವಿರದು. ಕಳುಹಿಸುವವರಿಗೂ ಇದೇ ಎಚ್ಚರಿಕೆ ಬೇಕು. ಪತ್ರವು ಕಳುಹಿಸಿದವರ ಹತೋಟಿಗೆ ಹೊರಗಿನ ವ್ಯವಸ್ಥೆಯನ್ನು ಪ್ರವೇಶಿಸಿದಾಗ ಮಾತ್ರ ರವಾನೆಯಾದಂತೆ. ಹಳೆಯ ತಂತ್ರಾಂಶದ ಔಟ್‌ಬಾಕ್ಸ್‌ನಲ್ಲಿ ಉಳಿದ ಅರ್ಜಿ, ಬರೆದು ಮೇಜಿನ ಖಾನೆಯಲ್ಲಿಟ್ಟ ಅರ್ಜಿಗಿಂತ ಹೆಚ್ಚಿನದಲ್ಲ.

ಹಾಗಾದರೆ ದೋಷ ಎಲ್ಲಿದೆ? ಕಂಪ್ಯೂಟರಿನ ತಂತ್ರಾಂಶವೂ ಅಂಚೆಯನ್ನು ಕಾಯ್ದಿಡುವ ಸರ್ವರ್ ಕೂಡ ಟಿಎಲ್‌ಎಸ್ ಎಂಬ ಗೂಢಲಿಪಿ ವ್ಯವಸ್ಥೆಯ ಮೂಲಕ ಮಾತನಾಡುತ್ತವೆ. ಅದರ 1.0 ಆವೃತ್ತಿ ಬಂದದ್ದು 1999ರಲ್ಲಿ, 1.2 ಬಂದದ್ದು 2008ರಲ್ಲಿ, 1.3 ಬಂದದ್ದು 2018ರಲ್ಲಿ. ಹಳೆಯ 1.0 ಮತ್ತು 1.1 ಆವೃತ್ತಿಗಳನ್ನು ಅಂತರ್ಜಾಲದ ಮಾನಕಗಳನ್ನು ರೂಪಿಸುವ ಮಂಡಳಿಯು 2021ರ ಮಾರ್ಚ್‌ನಲ್ಲಿ ಬಳಕೆಯಿಂದ ತೆಗೆದುಹಾಕಿತು. ಆದುದರಿಂದ ಹೊಸ ಥಂಡರ್‌ಬರ್ಡ್ ಹಳೆಯ ಸರ್ವರ್‌ನ್ನು ನಂಬುವುದಿಲ್ಲ. ಹಳೆಯ ಔಟ್‌ಲುಕ್ ಎಕ್ಸ್‌ಪ್ರೆಸ್ಸನ್ನು ಹೊಸ ಸರ್ವರ್ ಒಳಗೆ ಬಿಡುವುದಿಲ್ಲ. ಎರಡೂ ಸರಿಯಾಗಿಯೇ ಕೆಲಸ ಮಾಡುತ್ತಿರುತ್ತವೆ. ಒಂದರ ಭಾಷೆ ಇನ್ನೊಂದಕ್ಕೆ ಒಪ್ಪಿಗೆಯಾಗುವುದಿಲ್ಲ, ಅಷ್ಟೆ.

ಪರಿಶೀಲನೆಗೆ ಒಂದು ಕ್ರಮವಿದೆ. ಮೊದಲು ಬ್ರೌಸರ್‌ನಲ್ಲಿ ಅಥವಾ ಮೊಬೈಲ್‌ನಲ್ಲಿ ಅದೇ ಖಾತೆಯನ್ನು ತೆರೆಯಬೇಕು. ಅಲ್ಲಿ ಪತ್ರಗಳು ಕಂಡರೆ ಖಾತೆ ಸುರಕ್ಷಿತ, ದೋಷವಿರುವುದು ತಂತ್ರಾಂಶದ ಜೋಡಣೆಯಲ್ಲಿ. ಗಡುವಿನ ಕೆಲಸವನ್ನು ಆಗಲೇ ಅಲ್ಲಿಂದಲೇ ಮುಗಿಸಿಬಿಡುವುದು ಲೇಸು; ದುರಸ್ತಿ ನಿಧಾನವಾಗಿ ನಡೆಯಲಿ.

ಎರಡನೆಯದಾಗಿ ಕಂಪ್ಯೂಟರಿನ ದಿನಾಂಕವನ್ನು ನೋಡಬೇಕು. ಹಳೆಯ ಯಂತ್ರದೊಳಗಿನ ಗುಂಡಿಯಾಕಾರದ ಪುಟ್ಟ ಬ್ಯಾಟರಿ ಮುಗಿದಾಗ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗುವುದುಂಟು. ಆಗ ಸರ್ವರ್‌ನ ಪ್ರಮಾಣಪತ್ರದ ಅವಧಿ ಇನ್ನೂ ಆರಂಭವೇ ಆಗಿಲ್ಲವೆಂದು ತಂತ್ರಾಂಶ ಭಾವಿಸಿ ಸಂಪರ್ಕವನ್ನು ನಿರಾಕರಿಸುತ್ತದೆ. ಅಂಥ ಸಂದರ್ಭದಲ್ಲಿ ಬ್ಯಾಟರಿ ಬದಲಿಸಿ ದಿನಾಂಕ ತಿದ್ದಿದರೆ ಸಾಕು.

ಮೂರನೆಯದು ಪಾಸ್‌ವರ್ಡಿನ ತಕರಾರು. ಬರಿಯ ಹೆಸರು ಮತ್ತು ಪಾಸ್‌ವರ್ಡ್ ನೀಡಿ ಒಳಬರುವ ಹಳೆಯ ತಂತ್ರಾಂಶಗಳಿಗೆ ಗೂಗಲ್ 2022ರ ಮೇ 30ರಿಂದ ಬಾಗಿಲು ಮುಚ್ಚತೊಡಗಿತು. ಆದುದರಿಂದ ಸರಿಯಾದ ಪಾಸ್‌ವರ್ಡೂ ತಪ್ಪೆಂದು ತೋರುತ್ತದೆ. ಖಾತೆಯಲ್ಲಿ ಎರಡು ಹಂತದ ದೃಢೀಕರಣವನ್ನು ಆರಂಭಿಸಿ, ಗೂಗಲ್ ನೀಡುವ 16 ಅಕ್ಷರಗಳ ಆ್ಯಪ್ ಪಾಸ್‌ವರ್ಡನ್ನು ತಂತ್ರಾಂಶದಲ್ಲಿ ತುಂಬುವುದು ಇದಕ್ಕೆ ಒಂದು ಪರಿಹಾರ. ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಿಸಿದಾಗ ಅದು ರದ್ದಾಗುತ್ತದೆ ಎಂಬುದನ್ನು ಮರೆಯಬಾರದು.

ನಾಲ್ಕನೆಯದಾಗಿ ಪೋರ್ಟ್ ಸಂಖ್ಯೆಗಳನ್ನು ತಾಳೆ ನೋಡಬೇಕು. ಗೂಢಲಿಪಿಯ ರಕ್ಷಣೆಯೊಡನೆ ಪತ್ರ ಪಡೆಯಲು ಐಮ್ಯಾಪ್‌ಗೆ 993, ಪಾಪ್‌ಗೆ 995. ಕಳುಹಿಸಲು 465 ಅಥವಾ 587. ಹಳೆಯ ಜೋಡಣೆಯಲ್ಲಿ 143, 110, 25 ಎಂದಿದ್ದರೆ ಅವನ್ನು ಬದಲಿಸಬೇಕಾಗಬಹುದು. ಸೇವೆ ನೀಡುವವರು ಪ್ರಕಟಿಸಿರುವ ಸಂಖ್ಯೆಗಳೇ ಅಂತಿಮ.

ಇಷ್ಟಾದರೂ ಸಂಪರ್ಕ ಕೂಡದಿದ್ದರೆ ಟಿಎಲ್‌ಎಸ್ ಆವೃತ್ತಿಯ ಭೇದವಿರುವ ಸಂಭವ ಹೆಚ್ಚು. ಥಂಡರ್‌ಬರ್ಡಿನಲ್ಲಿ ಕನಿಷ್ಠ ಆವೃತ್ತಿಯನ್ನು ಕೆಳಗಿಳಿಸಿ ಹಳೆಯ ಸರ್ವರ್‌ಗೆ ದಾರಿ ಬಿಡಲು ಸಾಧ್ಯವಿದೆ. ಆದರೆ ಆ ಸಡಿಲಿಕೆ ಒಂದೇ ಖಾತೆಗೆ ನಿಲ್ಲುವುದಿಲ್ಲ. ಅದೇ ತಂತ್ರಾಂಶದಲ್ಲಿರುವ ಎಲ್ಲ ಖಾತೆಗಳಿಗೂ ಅನ್ವಯಿಸುತ್ತದೆ. ಹಳೆಯ ಪತ್ರಗಳನ್ನು ಇಳಿಸಿಕೊಳ್ಳುವಷ್ಟು ಹೊತ್ತು ಮಾತ್ರ ಅದನ್ನು ಬಳಸಿ, ಮರಳಿ ಮೊದಲಿನಂತೆ ಮಾಡಬೇಕು. ಗೂಢಲಿಪಿಯನ್ನು ಪೂರ್ತಿಯಾಗಿ ತೆಗೆದುಹಾಕುವುದಂತೂ ಸಲ್ಲದು. ಮಕ್ಕಳ ಆಧಾರ್ ಪ್ರತಿ, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಪುಟ ಹೋಗುವ ಹಾದಿ ಅದು.

ಹಳೆಯ ತಂತ್ರಾಂಶವನ್ನು ಅಳಿಸುವ ಮುನ್ನ ಇನ್ನೊಂದು ವಿಚಾರವಿದೆ. ಪಾಪ್ ವಿಧಾನದಲ್ಲಿ ಇಳಿಸಿಕೊಂಡ ಪತ್ರಗಳು ಸರ್ವರ್‌ನಿಂದ ಅಳಿದುಹೋಗಿ, ಆ ಒಂದು ಕಂಪ್ಯೂಟರಿನಲ್ಲಿ ಮಾತ್ರ ಉಳಿದಿರಬಹುದು. ವರ್ಗಾವಣೆ ಪತ್ರ ಕೋರಿದ ಮನವಿ, ಶುಲ್ಕ ಸಂದಾಯದ ರಸೀದಿ, ಅಧಿಕಾರಿಗಳ ಉತ್ತರ ಎಲ್ಲವೂ ಮುಂದೆಂದೋ ದಾಖಲೆಯಾಗಿ ಬೇಕಾಗಬಹುದಾದವು. ಮುದ್ರಿತ ಪ್ರತಿಯೊಂದನ್ನೇ ನೆಚ್ಚದೆ ಮೂಲ ಕಡತಗಳನ್ನೇ ಪೆನ್‌ಡ್ರೈವಿಗೆ ನಕಲು ಮಾಡಿ, ಹೊಸ ತಂತ್ರಾಂಶದಲ್ಲಿ ಅವು ತೆರೆಯುತ್ತವೆಯೇ ಎಂದು ನೋಡಿದ ಬಳಿಕವೇ ಹಳತನ್ನು ಕೈಬಿಡಬೇಕು.

ಈ ಕೆಲಸಕ್ಕೆ ತಜ್ಞರೇ ಬೇಕೆಂದಿಲ್ಲ. ಎಂಟನೆಯ ಅಥವಾ ಒಂಬತ್ತನೆಯ ತರಗತಿಯ ಮಗುವನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ದೋಷಸೂಚನೆಯನ್ನು ಪದಶಃ ಓದಿಸಿ, ಮೇಲಿನ ಕ್ರಮದಲ್ಲಿ ಒಂದೊಂದಾಗಿ ಪರೀಕ್ಷಿಸಿದರೆ ಬಹುಪಾಲು ತೊಡಕು ಮನೆಯಲ್ಲಿಯೇ ಬಗೆಹರಿಯುತ್ತದೆ. ಬಗೆಹರಿಯುವ ತನಕ ದಿನಕ್ಕೊಮ್ಮೆ ಮೊಬೈಲಿನಲ್ಲಾದರೂ ಖಾತೆಯನ್ನು ತೆರೆದು ನೋಡುವುದು ಕ್ಷೇಮ. ಯಂತ್ರ ಕೆಟ್ಟಿತೆಂದು ಗಡುವು ಕಾಯುವುದಿಲ್ಲ.